ಮಾರ್ಗರೆಟಳ ಅಪ್ಪ, ಅರಸನ ಮಂತ್ರಿ

ಪ್ರತಿವರ್ಷ ಜೂನ್ 22ರಂದು ನಮ್ಮ ಪೂಜಾ ಪಂಚಾಂಗದಲ್ಲಿ ಇಬ್ಬರು ಆಂಗ್ಲ ರಕ್ತಸಾಕ್ಷಿಗಳ ಹೆಸರು ಒಟ್ಟಿಗೆ ಬರುತ್ತದೆ. ಒಬ್ಬರು ಧರ್ಮಾಧ್ಯಕ್ಷ ಜಾನ್ ಫಿಶರ್. ಇನ್ನೊಬ್ಬರು ಗುರುವೂ ಅಲ್ಲ, ಸನ್ಯಾಸಿಯೂ ಅಲ್ಲ. ಎರಡು ಸಲ ಮದುವೆಯಾದವರು, ಮನೆ ತುಂಬ ಮಕ್ಕಳನ್ನು ಸಾಕಿದವರು, ಕೋರ್ಟು ಕಚೇರಿಗಳಲ್ಲೇ ಆಯುಷ್ಯ ಕಳೆದ ವಕೀಲರು. ಅವರೇ ಸಂತ ಥಾಮಸ್ ಮೋರ್. ಸಂತರ ಸಾಲಿನಲ್ಲಿ ಸಂಸಾರವಂದಿಗರು ಎಷ್ಟು ಮಂದಿ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅದಕ್ಕಾಗಿಯೇ ಈ ಕುಟುಂಬದ ಪುಟದಲ್ಲಿ ಅವರನ್ನು ಮಂತ್ರಿಯೆಂದು ನೋಡುವ ಮೊದಲು ಅಪ್ಪನೆಂದು ನೋಡೋಣ.

ಮೋರರು ಹುಟ್ಟಿದ್ದು 1478ರಲ್ಲಿ, ಲಂಡನ್ನಿನ ಮಿಲ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ. ತಂದೆ ಜಾನ್ ಮೋರ್ ವಕೀಲರಾಗಿದ್ದವರು, ಮುಂದೆ ನ್ಯಾಯಾಧೀಶರಾದರು. ಹುಡುಗನಾಗಿದ್ದಾಗ ಥಾಮಸ್ ಮಹಾಧರ್ಮಾಧ್ಯಕ್ಷ ಮಾರ್ಟನ್ನರ ಮನೆಯಲ್ಲಿ ಊಟದ ಮೇಜಿನ ಬಳಿ ನಿಂತು ಬಡಿಸುವ ಕೆಲಸ ಮಾಡಿದ. ಅಲ್ಲಿಂದ ಆಕ್ಸ್‌ಫರ್ಡಿಗೆ, ಆಮೇಲೆ ತಂದೆಯ ಇಚ್ಛೆಯಂತೆ ಕಾನೂನಿಗೆ. ಕಾನೂನು ಕಲಿಯುತ್ತಿದ್ದ ಆ ದಿನಗಳಲ್ಲೇ ಲಂಡನ್ನಿನ ಕಾರ್ತೂಸಿಯನ್ ಮಠದ ಆಸರೆಯಲ್ಲಿ ಸುಮಾರು ನಾಲ್ಕು ವರ್ಷ ಪ್ರಾರ್ಥನೆ, ಉಪವಾಸಗಳಲ್ಲಿ ಕಳೆದರು. ಸನ್ಯಾಸಿಯಾಗಲೇ, ಸಂಸಾರಿಯಾಗಲೇ ಎಂದು ತೂಗಿ ನೋಡಿ ಕೊನೆಗೆ ಮದುವೆಯನ್ನು ಆರಿಸಿಕೊಂಡರು. ಆದರೆ ಮಠದ ಒರಟು ರೋಮದ ಅಂಗಿ ಮಾತ್ರ ಮೈಬಿಟ್ಟು ಹೋಗಲಿಲ್ಲ. ರೇಷ್ಮೆಯ ನಿಲುವಂಗಿಯ ಒಳಗೆ ಅದನ್ನು ಧರಿಸುತ್ತಿದ್ದರು. ಅದು ಗೊತ್ತಿದ್ದದ್ದು ಹಿರಿಯ ಮಗಳು ಮಾರ್ಗರೆಟಳಿಗೆ. ಆ ಅಂಗಿಯನ್ನು ಗುಟ್ಟಾಗಿ ಒಗೆದುಕೊಡುತ್ತಿದ್ದವಳು ಅವಳೇ.

ಮದುವೆಯ ಕಥೆಯೂ ಸ್ವಾರಸ್ಯದ್ದು. ಕೋಲ್ಟ್ ಎಂಬವರ ಮನೆಗೆ ಹೆಣ್ಣು ನೋಡಲು ಹೋದಾಗ ಮೋರರ ಮನಸ್ಸು ಎರಡನೆಯ ಮಗಳ ಕಡೆ ಹೋಯಿತಂತೆ. ಆದರೆ ತಂಗಿಗೆ ಮೊದಲು ಮದುವೆಯಾದರೆ ಅಕ್ಕನಿಗೆ ಅವಮಾನವಾಗುತ್ತದೆಂದು ಯೋಚಿಸಿ ಹಿರಿಯವಳಾದ ಜೇನಳನ್ನೇ ವರಿಸಿದರಂತೆ. ನಮ್ಮ ಊರುಗಳ ಹಿರಿಯರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಾಗಿಲ್ಲ. 1505ರಲ್ಲಿ ಮದುವೆ. ಮಾರ್ಗರೆಟ್, ಎಲಿಜಬೆತ್, ಸಿಸಿಲಿ ಎಂಬ ಮೂವರು ಹೆಣ್ಣುಮಕ್ಕಳು, ಕೊನೆಗೆ ಜಾನ್ ಎಂಬ ಗಂಡುಮಗು. 1511ರಲ್ಲಿ ಜೇನ್ ತೀರಿಕೊಂಡಳು. ದೊಡ್ಡ ಮಗುವಿಗೆ ಆಗ ಆರು ವರ್ಷ ತುಂಬಿತ್ತೋ ಇಲ್ಲವೋ. ತಿಂಗಳೊಪ್ಪತ್ತಿನಲ್ಲಿ ಮೋರರು ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ವಯಸ್ಸಿನಲ್ಲಿ ತಮಗಿಂತ ಹಿರಿಯಳು, ಮಾತಿನಲ್ಲಿ ಖಡಕ್ಕು, ಜೊತೆಗೆ ಒಬ್ಬ ಮಗಳು. ಆಕೆ ಮಲಮಕ್ಕಳನ್ನು ಹೆತ್ತ ಮಕ್ಕಳಂತೆಯೇ ಸಾಕಿದಳು. ತಾಯಿಯಿಲ್ಲದ ಮಾರ್ಗರೆಟ್ ಗಿಗ್ಸ್ ಎಂಬ ಇನ್ನೊಂದು ಹುಡುಗಿಯೂ ಆ ಮನೆಯ ಸಾಕುಮಗಳಾಗಿ ಬೆಳೆದಳು.

ಈ ಮನೆ ಹೇಗಿತ್ತೆಂದು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಹೆಣ್ಣುಮಕ್ಕಳಿಗೆ ಓದು ಬೇಡವೆಂದು ಯುರೋಪಿನ ಬಹುಪಾಲು ಪಂಡಿತರು ಹೇಳುತ್ತಿದ್ದ ಕಾಲ ಅದು. ಮೋರರು ಮನೆಯಲ್ಲೇ ಶಾಲೆ ತೆರೆದರು. ಹೆಣ್ಣುಮಕ್ಕಳೂ ಗಂಡುಮಗನೂ ಒಂದೇ ಬೆಂಚಿನಲ್ಲಿ ಕುಳಿತು ಲ್ಯಾಟಿನ್, ಗ್ರೀಕ್, ತರ್ಕ, ಗಣಿತ, ಖಗೋಳ ಕಲಿತರು. ಖಗೋಳ ಕಲಿಸಿದ ನಿಕೊಲಾಸ್ ಕ್ರಾಟ್ಜರ್ ಮುಂದೆ ಅರಸನ ಆಸ್ಥಾನದಲ್ಲೂ ಇದ್ದ ವಿದ್ವಾಂಸ. ಹಾಲೆಂಡಿನ ಮಹಾಪಂಡಿತ ಎರಾಸ್ಮಸ್ ಈ ಮಕ್ಕಳನ್ನು ಕಂಡ ಮೇಲೆಯೇ ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ತನ್ನ ಅಭಿಪ್ರಾಯ ಬದಲಾಯಿಸಿಕೊಂಡನು. ಅವನೇ ಲ್ಯಾಟಿನ್ನಿನಲ್ಲಿ ಬರೆದಿದ್ದ ಪರಲೋಕ ಪ್ರಾರ್ಥನೆಯ ವಿವರಣೆಯನ್ನು 1524ರಲ್ಲಿ ಇಂಗ್ಲಿಷಿಗೆ ತಂದವಳು ಹತ್ತೊಂಬತ್ತರ ಮಾರ್ಗರೆಟ್. ಒಮ್ಮೆ ಅವಳ ಲ್ಯಾಟಿನ್ ಪತ್ರವನ್ನು ಎಕ್ಸಿಟರ್‌ನ ಧರ್ಮಾಧ್ಯಕ್ಷರು ನೋಡಿ, ಹುಡುಗಿಯೊಬ್ಬಳು ಬರೆದದ್ದೆಂದು ನಂಬಲಾರದೆ, ನಂಬಿದ ಮೇಲೆ ಜೇಬಿನಿಂದ ಪೋರ್ತುಗೀಸ್ ಚಿನ್ನದ ನಾಣ್ಯವೊಂದನ್ನು ತೆಗೆದು ಅವಳಿಗೆ ಕಳಿಸಿಕೊಟ್ಟರು.

ಅಪ್ಪ ಊರಲ್ಲಿಲ್ಲದಾಗ ಮಕ್ಕಳು ಬಿಡದೆ ಪತ್ರ ಬರೆಯಬೇಕು ಎಂಬುದು ಮನೆಯ ಕಟ್ಟಳೆ. ಬರೆಯಲು ವಿಷಯವಿಲ್ಲವೆಂದು ನೆಪ ಹೇಳಿದರೆ, ವಿಷಯವಿಲ್ಲ ಎಂಬುದನ್ನೇ ಬರೆಯಿರಿ ಎನ್ನುವ ಜಾತಿಯ ತಂದೆ. ಅರಸನ ಕೆಲಸದ ಮೇಲೆ ಮಳೆಯಲ್ಲಿ, ಕೆಸರಲ್ಲಿ ಕುದುರೆಯೇರಿ ಹೋಗುತ್ತಲೇ ಮಕ್ಕಳಿಗೆಂದು ಲ್ಯಾಟಿನ್ ಪದ್ಯ ಕಟ್ಟಿ ಕಳಿಸಿದ್ದುಂಟು. ತಾನು ಅವರಿಗೆ ಕೊಟ್ಟ ಮುತ್ತುಗಳಿಗೆ ಲೆಕ್ಕವಿಲ್ಲ, ಏಟುಗಳು ಮಾತ್ರ ಅಪರೂಪ, ಆ ಏಟಿಗೂ ಬಳಸಿದ್ದು ನವಿಲುಗರಿ ಎಂದು ಅದರಲ್ಲಿ ನೆನಪಿಸಿದ್ದಾರೆ. ಬೆತ್ತವಿಲ್ಲದೆ ಪಾಠವೇ ಇಲ್ಲವೆಂದು ತಿಳಿದಿದ್ದ ಶತಮಾನದಲ್ಲಿ ನವಿಲುಗರಿ!

1520ರ ದಶಕದ ನಡುವೆ ಕುಟುಂಬ ಥೇಮ್ಸ್ ನದಿಯ ದಂಡೆಯ ಚೆಲ್ಸಿಗೆ ಬಂದು ನೆಲೆಸಿತು. ತೋಟ, ಗ್ರಂಥಾಲಯ, ಪ್ರಾರ್ಥನಾ ಮಂದಿರ, ಕೋತಿ, ನರಿ, ಬಗೆಬಗೆಯ ಹಕ್ಕಿ, ಒಬ್ಬ ವಿದೂಷಕ. ಊಟದ ಹೊತ್ತಿಗೆ ಹೆಣ್ಣುಮಕ್ಕಳಲ್ಲೊಬ್ಬಳು ಪವಿತ್ರ ಗ್ರಂಥ ಓದುವಳು, ಆಮೇಲೆ ಅದರ ಮೇಲೆ ಮಾತು, ಕೊನೆಗೆ ವಿದೂಷಕನ ನಗೆಚಾಟಿಕೆ. ಅಪ್ಪ ಮನೆಯಲ್ಲಿದ್ದ ರಾತ್ರಿ ಮಕ್ಕಳು, ಆಳುಕಾಳುಗಳು ಎಲ್ಲರೂ ಸೇರಿ ಪ್ರಾರ್ಥನೆ. ಹತ್ತಿರದಲ್ಲೇ ಬಡ ವೃದ್ಧರಿಗೂ ರೋಗಿಗಳಿಗೂ ಒಂದು ಮನೆ ಹಿಡಿದು ಅದರ ಉಸ್ತುವಾರಿಯನ್ನು ಮಾರ್ಗರೆಟಳಿಗೆ ವಹಿಸಿದ್ದರು. ಧರ್ಮಕೇಂದ್ರದ ದೇವಾಲಯದಲ್ಲಿ ಮೇಲಂಗಿ ತೊಟ್ಟು ಗಾಯನವೃಂದದೊಂದಿಗೆ ಹಾಡುವುದೂ ಇತ್ತು. ರಾಜ್ಯದ ಮಂತ್ರಿ ಹೀಗೆ ಹಾಡುವವರ ನಡುವೆ ನಿಂತರೆ ಅರಸನಿಗೆ ಅಗೌರವವೆಂದು ನಾರ್ಫೋಕಿನ ಡ್ಯೂಕ್ ಗೊಣಗಿದಾಗ, ಅರಸನ ಒಡೆಯನ ಸೇವೆಯಿಂದ ಅರಸನಿಗೆ ಅಗೌರವವಾಗುವುದುಂಟೇ ಎಂದು ಮೋರರು ಮಾತು ಮುಗಿಸಿದರು. ನಮ್ಮ ಗಾಯನವೃಂದಗಳಲ್ಲಿ ಗಂಡಸರ ಸಾಲು ಬರಿದಾಗಿರುವುದನ್ನು ಕಂಡಾಗ ಈ ಪ್ರಸಂಗ ಯಾರಿಗಾದರೂ ನೆನಪಾದರೆ ಒಳ್ಳೆಯದು.

ಇನ್ನು ಅವರ ಸರಕಾರಿ ಸೇವೆ. 1510ರಿಂದ ಲಂಡನ್ ನಗರದ ಉಪಶೆರೀಫ್. 1516ರಲ್ಲಿ ಯುಟೋಪಿಯ ಎಂಬ ಹೆಸರಾಂತ ಗ್ರಂಥ ಪ್ರಕಟವಾಯಿತು. (ಆ ಕಥೆ ಹೇಳುವ ಕಾಲ್ಪನಿಕ ನಾವಿಕ ಊರಿಗೆ ಮರಳುವುದು ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ಪೋರ್ತುಗೀಸ್ ಹಡಗು ಹತ್ತಿ!) ಮುಂದೆ ಅರಸನ ಸಲಹೆಗಾರ, 1521ರಲ್ಲಿ ಉಪಖಜಾಂಚಿ, 1523ರಲ್ಲಿ ಸಂಸತ್ತಿನ ಕೆಳಮನೆಯ ಸಭಾಧ್ಯಕ್ಷ. ಸದಸ್ಯರು ಅಂಜದೆ ಮಾತಾಡಲು ಅವಕಾಶವಿರಬೇಕೆಂದು ಅರಸನ ಮುಂದೆ ಅಂದು ಅವರು ಮಂಡಿಸಿದ ಬೇಡಿಕೆಯನ್ನು ಸಂಸತ್ತಿನ ಚರಿತ್ರೆ ಬರೆಯುವವರು ಇಂದಿಗೂ ನೆನೆಯುತ್ತಾರೆ. 1529ರ ಅಕ್ಟೋಬರಿನಲ್ಲಿ ಲಾರ್ಡ್ ಚಾನ್ಸೆಲರ್, ಅಂದರೆ ಅರಸನ ಮುದ್ರೆ ಕೈಯಲ್ಲಿರುವ, ನ್ಯಾಯದಾನದಲ್ಲೂ ರಾಜ್ಯಕ್ಕೆಲ್ಲ ಹಿರಿಯ ಅಧಿಕಾರಿ.

ಈ ಎತ್ತರಕ್ಕೆ ಏರಿದ ಮೇಲೂ ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್ ಸಭಾಂಗಣಕ್ಕೆ ಹೋಗುವಾಗ, ಅಲ್ಲೇ ಇನ್ನೊಂದು ನ್ಯಾಯಪೀಠದಲ್ಲಿ ಮುದುಕ ತಂದೆ ಕುಳಿತಿದ್ದರೆ, ಎಲ್ಲರೆದುರು ಮೊಣಕಾಲೂರಿ ಆಶೀರ್ವಾದ ಬೇಡಿ ನಂತರವೇ ತಮ್ಮ ಪೀಠಕ್ಕೆ ಹೋಗುತ್ತಿದ್ದರು. ಮೊಕದ್ದಮೆ ಗೆದ್ದ ಶ್ರೀಮಂತ ವಿಧವೆಯೊಬ್ಬಳು ಹೊಸ ವರ್ಷದ ಕಾಣಿಕೆಯೆಂದು ಕೈಗವಸುಗಳಲ್ಲಿ ನಲವತ್ತು ಪೌಂಡು ಚಿನ್ನ ತುಂಬಿ ತಂದಾಗ, ಹೆಣ್ಣುಮಗಳ ಉಡುಗೊರೆ ನಿರಾಕರಿಸುವುದು ಸರಿಯಲ್ಲವೆಂದು ಕೈಗವಸು ಇಟ್ಟುಕೊಂಡು ಚಿನ್ನ ಹಿಂದಿರುಗಿಸಿದರು. ಅಳಿಯ ಜೈಲ್ಸ್ ಹೆರನ್ ಮಾವನ ಬಲ ನಂಬಿ ವ್ಯಾಜ್ಯವನ್ನು ಹಟಕ್ಕೆ ಎಳೆದ. ತೀರ್ಪು ಅವನ ವಿರುದ್ಧವೇ ಬಂತು. ವರ್ಷಗಟ್ಟಲೆ ಕೊಳೆಯುತ್ತಿದ್ದ ಮೊಕದ್ದಮೆಗಳನ್ನು ಮುಗಿಸುತ್ತ ಬಂದು, ಒಂದು ದಿನ ಮುಂದಿನದನ್ನು ತನ್ನಿ ಎಂದಾಗ ಒಂದೂ ಉಳಿದಿಲ್ಲವೆಂಬ ಉತ್ತರ ಬಂತಂತೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಇದು ಪವಾಡವೆನಿಸೀತು.

ಅದೇ 1529ರ ಬೇಸಿಗೆಯ ಕೊನೆಗೆ ಚೆಲ್ಸಿಯ ಕಣಜಗಳಿಗೆ ಬೆಂಕಿ ಬಿತ್ತು. ಅರಸನೊಡನೆ ಊರಾಚೆ ಇದ್ದ ಮೋರರು ಆಲಿಸಳಿಗೆ ಬರೆದ ಪತ್ರ ಉಳಿದುಬಂದಿದೆ. ಹೋದ ಧಾನ್ಯಕ್ಕೆ ಅಳಬೇಡ, ಕೊಟ್ಟವನೂ ಕೊಂಡವನೂ ದೇವರೇ, ಎಲ್ಲರನ್ನೂ ಕರೆದುಕೊಂಡು ದೇವಾಲಯಕ್ಕೆ ಹೋಗಿ ವಂದನೆ ಸಲ್ಲಿಸು ಎಂಬುದು ಮೊದಲ ಮಾತು. ನಮ್ಮ ಬೆಂಕಿಯಿಂದ ನೆರೆಯವರಿಗೆ ಏನು ನಷ್ಟವಾಯಿತೆಂದು ವಿಚಾರಿಸು, ಮನೆಯಲ್ಲಿ ಒಂದು ಚಮಚ ಉಳಿಯದಿದ್ದರೂ ಸರಿ, ಬಡ ನೆರೆಯವನಿಗೆ ನಷ್ಟವಾಗಬಾರದು ಎಂಬುದು ಎರಡನೆಯದು. ಖರ್ಚು ಕಡಿಮೆ ಮಾಡಲು ಆಳುಗಳನ್ನು ಬಿಡಬೇಕಾದರೂ ಅವರಿಗೆ ಬೇರೆ ಆಸರೆ ಸಿಗುವ ಮೊದಲು ಯಾರನ್ನೂ ದಾರಿಗೆ ತಳ್ಳಬೇಡ ಎಂಬುದು ಮೂರನೆಯದು. ನನಗೆ ಕೇಳಿದರೆ ಅವರ ಪಾಂಡಿತ್ಯದ ಗ್ರಂಥಗಳಿಗಿಂತ ಈ ಒಂದು ಹಾಳೆಯ ತೂಕ ಹೆಚ್ಚು.

ಒಂದು ವಿಷಯವನ್ನು ಮರೆಮಾಚಬಾರದು. ಅವರು ಚಾನ್ಸೆಲರ್ ಆಗಿದ್ದ ಕಾಲದಲ್ಲಿ ಪಾಷಂಡ ಮತದವರೆಂದು ಆರು ಮಂದಿಯನ್ನು ಇಂಗ್ಲೆಂಡಿನಲ್ಲಿ ಸುಡಲಾಯಿತು. ಮೋರರು ಆ ಕಾನೂನನ್ನು ಸಮರ್ಥಿಸಿದವರು, ಕೆಲವು ಪ್ರಕರಣಗಳಲ್ಲಿ ಅವರ ಕೈಯೂ ಇತ್ತು. ಎರಡನೆಯ ಜಾನ್ ಪೌಲರು 2000ದ ಅಕ್ಟೋಬರ್ 31ರಂದು ಅವರನ್ನು ರಾಜಕಾರಣಿಗಳ, ಆಡಳಿತಗಾರರ ಪಾಲಕ ಸಂತರೆಂದು ಸಾರಿದಾಗಲೂ, ಈ ವಿಚಾರದಲ್ಲಿ ಅವರು ತಮ್ಮ ಕಾಲದ ಮಿತಿಯೊಳಗೇ ಇದ್ದರೆಂಬುದನ್ನು ಹೇಳದೆ ಬಿಡಲಿಲ್ಲ. ಸಂತರೆಂದ ಮಾತ್ರಕ್ಕೆ ಅವರು ಮಾಡಿದ್ದೆಲ್ಲ ನಮಗೆ ಮಾದರಿಯಲ್ಲ.

ಅರಸ ಎಂಟನೆಯ ಹೆನ್ರಿಯ ಕಥೆ ನಿಮಗೆ ತಿಳಿದದ್ದೇ. ರಾಣಿ ಕ್ಯಾಥರೀನಳಲ್ಲಿ ಗಂಡುಸಂತಾನ ಉಳಿಯಲಿಲ್ಲ, ಆನ್ ಬೊಲಿನ್ ಮೇಲೆ ಮನಸ್ಸಾಯಿತು, ಮೊದಲ ವಿವಾಹ ಅಸಿಂಧುವೆಂದು ಸಾರಲು ಜಗದ್ಗುರು ಏಳನೆಯ ಕ್ಲೆಮೆಂಟರು ಒಪ್ಪಲಿಲ್ಲ. ಹಾಗಾದರೆ ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಒಡೆಯನೆಂದ ಅರಸ. ಒಂದು ಕಾಲದಲ್ಲಿ ಇದೇ ಅರಸ ಚೆಲ್ಸಿಗೆ ಊಟಕ್ಕೆ ಬಂದು ಮೋರರ ಹೆಗಲ ಮೇಲೆ ಕೈಹಾಕಿ ತೋಟದಲ್ಲಿ ಅಡ್ಡಾಡಿದ್ದ. ಅದನ್ನು ಕಂಡು ಹಿಗ್ಗಿದ ಅಳಿಯ ವಿಲಿಯಂ ರೋಪರನಿಗೆ ಮೋರರು, ನನ್ನ ತಲೆ ಕೊಟ್ಟರೆ ಫ್ರಾನ್ಸಿನಲ್ಲಿ ಒಂದು ಕೋಟೆ ಸಿಗುವುದಾದರೆ ಈ ತಲೆ ಉಳಿಯದು ಎಂದಿದ್ದರು. 1532ರ ಮೇ 15ರಂದು ಇಂಗ್ಲೆಂಡಿನ ಧರ್ಮಾಧ್ಯಕ್ಷರು ಅರಸನಿಗೆ ಮಣಿದರು. ಮರುದಿನವೇ ಮೋರರು ಅಧಿಕಾರದ ಮುದ್ರೆ ಒಪ್ಪಿಸಿ ಮನೆಗೆ ಬಂದರು.

ವರಮಾನ ಒಮ್ಮೆಲೇ ಕುಸಿಯಿತು. ಮಕ್ಕಳನ್ನೆಲ್ಲ ಸೇರಿಸಿ ಕೂರಿಸಿ ಲೆಕ್ಕ ಹೇಳಿದರು. ಇನ್ನು ಊಟದ ಮಟ್ಟ ಹಂತಹಂತವಾಗಿ ಇಳಿಸೋಣ, ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಗಳ ಊಟಕ್ಕೂ ಸಾಲದಾದರೆ ಜೋಳಿಗೆ ಹಿಡಿದು, ಬಾಗಿಲು ಬಾಗಿಲಲ್ಲಿ ಸಾಲ್ವೆ ರೆಜಿನಾ ಹಾಡುತ್ತ ಒಟ್ಟಾಗಿ ಭಿಕ್ಷೆಗೆ ಹೋಗೋಣ, ಒಟ್ಟಾಗಿದ್ದರೆ ಸಾಕು ಎಂದು ನಗಿಸಿದರು. ಚಳಿಗಾಲದಲ್ಲಿ ಸೌದೆಗೆ ಗತಿಯಿಲ್ಲದೆ ಒಣಗಿದ ಜರೀಗಿಡದ ಹೊರೆ ಸುಟ್ಟು ಮೈ ಬೆಚ್ಚಗಾಗಿಸಿಕೊಂಡು ಎಲ್ಲರೂ ಮಲಗಲು ಹೋಗುತ್ತಿದ್ದರು. ಮುಂದೆ ಬರುವುದಕ್ಕೆ ಮನೆಯವರ ಎದೆ ಗಟ್ಟಿಯಾಗಲೆಂದು, ಅರಸನ ದೂತನ ವೇಷದಲ್ಲಿ ಒಬ್ಬನನ್ನು ಊಟದ ಹೊತ್ತಿಗೆ ಬಾಗಿಲು ಬಡಿಯಲು ಕಳಿಸಿದ್ದರೆಂದು ಹಳೆಯ ಜೀವನಚರಿತ್ರೆಯೊಂದು ಹೇಳುತ್ತದೆ. ಇದು ಮಕ್ಕಳ ಮೇಲೆ ತುಸು ಕ್ರೂರವಾಯಿತೆಂದೇ ನನಗನಿಸುತ್ತದೆ. ಆದರೆ ನಿಜವಾದ ದೂತ ಬರುವುದು ಅವರಿಗೆ ಗೊತ್ತಿತ್ತು. ರಾತ್ರಿ ಹೆಂಡತಿ ತಾವು ನಿದ್ರಿಸಿದ್ದೇವೆಂದು ತಿಳಿದು ಮಲಗಿರುವಾಗ, ಮಗ್ಗುಲು ಬದಲಿಸುತ್ತ ಬರಬಹುದಾದ ಎಲ್ಲ ಆಪತ್ತುಗಳನ್ನೂ ಒಂದೊಂದಾಗಿ ಎಣಿಸುತ್ತಿದ್ದೆನೆಂದು ಆಮೇಲೆ ಮಗಳೊಂದಿಗೆ ಹೇಳಿಕೊಂಡರು.

1534ರ ಏಪ್ರಿಲಿನಲ್ಲಿ ದೂತ ಬಂದ. ಆನ್ ಬೊಲಿನಳ ಸಂತತಿಗೆ ಸಿಂಹಾಸನ ಸಲ್ಲುವುದೆಂಬ ಪ್ರಮಾಣವಚನಕ್ಕೆ ಕರೆ. ಉತ್ತರಾಧಿಕಾರವನ್ನು ಗೊತ್ತುಮಾಡುವುದು ಸಂಸತ್ತಿನ ಹಕ್ಕು, ಅದಕ್ಕೆ ಮೋರರ ಅಡ್ಡಿಯಿರಲಿಲ್ಲ. ಆದರೆ ಪ್ರಮಾಣದ ಪದಗಳಲ್ಲಿ ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕುವ ಮಾತೂ ಸೇರಿಕೊಂಡಿತ್ತು. ಬೆಳಿಗ್ಗೆ ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ ಹೊರಟರು. ಎಂದೂ ಹೊರಡುವಾಗ ಹೆಂಡತಿ ಮಕ್ಕಳು ದೋಣಿಯವರೆಗೆ ಬರುವುದು, ಅಪ್ಪ ಎಲ್ಲರಿಗೂ ಮುತ್ತಿಟ್ಟು ದೋಣಿ ಹತ್ತುವುದು ವಾಡಿಕೆ. ಆ ದಿನ ಯಾರನ್ನೂ ಬರಗೊಡಲಿಲ್ಲ. ತೋಟದ ಸಣ್ಣ ಗೇಟನ್ನು ತಮ್ಮ ಹಿಂದೆ ತಾವೇ ಎಳೆದು ಮುಚ್ಚಿಕೊಂಡರು. ದೋಣಿಯಲ್ಲಿ ಬಹಳ ಹೊತ್ತು ಮೌನ. ಆಮೇಲೆ ರೋಪರನ ಕಿವಿಯಲ್ಲಿ, ದೇವರ ದಯೆ, ಯುದ್ಧ ಗೆದ್ದಾಯಿತು ಎಂದು ಪಿಸುಗುಟ್ಟಿದರು. ಯಾವ ಯುದ್ಧವೆಂದು ರೋಪರನಿಗೆ ಆಗ ಹೊಳೆಯಲಿಲ್ಲ. ಮಕ್ಕಳ ಮೇಲಿನ ಮಮತೆಯೇ ಆ ರಣರಂಗವಾಗಿತ್ತೆಂದು ಅವನಿಗೆ ಆಮೇಲೆ ಅರ್ಥವಾಯಿತು. ಏಪ್ರಿಲ್ 17ರಂದು ಅವರನ್ನು ಲಂಡನ್ ಟವರ್ ಸೆರೆಮನೆಗೆ ಒಯ್ದರು.

ಇಲ್ಲಿಂದ ಮುಂದೆ ಕಥೆ ಅಪ್ಪ ಮಗಳದು. ಮಾರ್ಗರೆಟ್ ತಾನೇ ಪ್ರಮಾಣ ಸ್ವೀಕರಿಸಿದಳು, ದೇವರ ಕಟ್ಟಳೆಗೆ ಒಪ್ಪುವ ಮಟ್ಟಿಗೆ ಎಂಬ ಮಾತನ್ನು ಸೇರಿಸಿ. ಸೆರೆಮನೆಗೆ ಬಂದು ಅಪ್ಪನೂ ಸ್ವೀಕರಿಸಲೆಂದು ವಾದಿಸಿದಳು. ಇಷ್ಟು ಧರ್ಮಾಧ್ಯಕ್ಷರು, ಇಷ್ಟು ಪಂಡಿತರು ಒಪ್ಪಿದ್ದಾರಲ್ಲ, ನಿಮ್ಮೊಬ್ಬರ ಅಂತಃಕರಣವೇ ಸರಿಯೇ ಎಂಬುದು ಅವಳ ವಾದದ ತಿರುಳು. ಅವಳಿಗೆ ತರ್ಕ ಕಲಿಸಿದ್ದು ಅಪ್ಪನೇ! ಆದಾಮನಿಗೆ ಹಣ್ಣು ತಿನ್ನಿಸಲು ಬಂದ ಏವಳೆಂದು ಮಗಳನ್ನು ಚೇಷ್ಟೆ ಮಾಡಿದರೂ ಅವಳ ಮಾತು ಮನಸ್ಸನ್ನು ಕೊರೆಯಿತು. ಸಾವಿನ ಭಯಕ್ಕಿಂತ ನಿನ್ನ ಕಣ್ಣೀರಿನ ಪತ್ರ ನನ್ನನ್ನು ಹೆಚ್ಚು ನೋಯಿಸಿತೆಂದು ಬರೆದರು. ತಾವು ಶೂರರೆಂದು ಎಂದೂ ಹೇಳಿಕೊಂಡವರಲ್ಲ. ಬೆರಳಿನ ಒಂದು ಪೆಟ್ಟಿಗೂ ಬೆಚ್ಚುವ ಜೀವ ನನ್ನದೆಂದು ಒಪ್ಪಿಕೊಂಡರು. ಒಂದನ್ನು ಗಮನಿಸಿ. ಪ್ರಮಾಣ ಮಾಡಿದ ಮಗಳನ್ನಾಗಲಿ ಅಳಿಯಂದಿರನ್ನಾಗಲಿ ಅವರು ಹಳಿಯಲಿಲ್ಲ, ನನ್ನಂತೆ ಮಾಡಿ ಎಂದೂ ಹೇಳಲಿಲ್ಲ. ಅವರವರ ಅಂತಃಕರಣಕ್ಕೆ ಅವರವರೇ ಹೊಣೆ ಎಂದು ಬಿಟ್ಟುಬಿಟ್ಟರು. ಮಕ್ಕಳು ಬೇರೆ ದಾರಿ ಹಿಡಿದಾಗ ಮನೆಯ ಬಾಗಿಲು ಮುಚ್ಚುವ ತಂದೆತಾಯಂದಿರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ.

ಹಾಗಾದರೆ ಸಂಸಾರದ ಗತಿ? ಈ ಪ್ರಶ್ನೆ ಆಲಿಸಳದು. ಚೆಲ್ಸಿಯಲ್ಲಿ ಮನೆ, ಪುಸ್ತಕ, ತೋಟ ಎಲ್ಲ ಇರುವಾಗ ಇಲ್ಲಿ ಇಲಿಗಳ ನಡುವೆ ಬಿದ್ದಿರುವುದು ಯಾವ ಬುದ್ಧಿವಂತಿಕೆ ಎಂದು ಅವಳು ಮುಖಕ್ಕೇ ಕೇಳಿದಳು. ಸ್ವರ್ಗಕ್ಕೆ ಆ ಮನೆಯಷ್ಟೇ ಈ ಮನೆಯೂ ಹತ್ತಿರವಲ್ಲವೇ ಎಂದು ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ. ಆಸ್ತಿಯೆಲ್ಲ ಅರಸನ ಪಾಲಾಗುತ್ತಿತ್ತು. ಸೆರೆಯಲ್ಲಿರುವ ಗಂಡನ ಮತ್ತು ಅವನ ಆಳಿನ ಊಟಕ್ಕೆ ವಾರಕ್ಕೆ 15 ಶಿಲ್ಲಿಂಗ್ ಕಟ್ಟಲು ಅವಳು ತನ್ನ ಬಟ್ಟೆಬರೆ ಮಾರಿದಳು. ರಕ್ತಸಾಕ್ಷಿಯ ಕಿರೀಟ ಅವಳಿಗೆ ಸಿಗಲಿಲ್ಲ, ಖರ್ಚು ಮಾತ್ರ ಅವಳದಾಯಿತು. ಮೋರರ ಚರಿತ್ರೆ ಬರೆದವರು ಅವಳನ್ನು ಬಾಯಿಬಡುಕಿ ಎಂದು ಚಿತ್ರಿಸಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ.

1535ರ ಮೇ 4ರಂದು ಅಪ್ಪ ಮಗಳು ಸೆರೆಮನೆಯ ಕಿಟಕಿಯಲ್ಲಿ ನಿಂತಿದ್ದಾಗ ಕಾರ್ತೂಸಿಯನ್ ಸನ್ಯಾಸಿಗಳನ್ನು ವಧೆಗೆ ಒಯ್ಯುವುದು ಕಾಣಿಸಿತು. ಮೂವತ್ತು ವರ್ಷದ ಹಿಂದೆ ತಾವು ಸೇರಬೇಕೆಂದಿದ್ದ ಮಠದವರು. ಮದುಮಕ್ಕಳು ಮದುವೆಗೆ ಹೊರಟಂತೆ ಹೋಗುತ್ತಿದ್ದಾರೆ ನೋಡು ಎಂದರು ಮಗಳಿಗೆ. ಜೂನ್ 22ರಂದು ಫಿಶರರ ತಲೆ ಉರುಳಿತು. ಅದಕ್ಕೆ ಹತ್ತು ದಿನ ಮೊದಲೇ ಮೋರರ ಪುಸ್ತಕ, ಕಾಗದಗಳನ್ನು ಕಿತ್ತುಕೊಂಡಿದ್ದರು. ಆಮೇಲೆ ಸಿಕ್ಕ ಚೂರುಗಳ ಮೇಲೆ ಇದ್ದಿಲಿನಿಂದ ಬರೆದರು.

ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ, ತಂದೆಯ ಮುಂದೆ ಮೊಣಕಾಲೂರುತ್ತಿದ್ದ ಅದೇ ಕಟ್ಟಡದಲ್ಲಿ ವಿಚಾರಣೆ. ನ್ಯಾಯಾಧೀಶರ ಸಾಲಿನಲ್ಲಿ ಆನ್ ಬೊಲಿನಳ ತಂದೆ, ಅಣ್ಣತಮ್ಮ, ಸೋದರಮಾವ. ರಿಚರ್ಡ್ ರಿಚ್ ಎಂಬ ಅಧಿಕಾರಿಯ ಸಾಕ್ಷ್ಯವನ್ನು ಮೋರರು ಸುಳ್ಳೆಂದು ಸಾರಿದರು. ಜ್ಯೂರಿಗೆ ಹಿಡಿದದ್ದು ಕಾಲು ಗಂಟೆ. ಶಿಕ್ಷೆ ಕೇಳಿದ ಮೇಲೆ, ಸ್ತೇಫನನ ಕೊಲೆಗೆ ಒಪ್ಪಿದ ಪೌಲನೂ ಸ್ತೇಫನನೂ ಇಂದು ಸ್ವರ್ಗದಲ್ಲಿ ಗೆಳೆಯರಾಗಿರುವಂತೆ ನಾವೂ ಅಲ್ಲಿ ಸಂತೋಷದಿಂದ ಸೇರೋಣವೆಂದು ನ್ಯಾಯಾಧೀಶರಿಗೆ ಹಾರೈಸಿದರು.

ಟವರಿನ ಕಟ್ಟೆಯ ಬಳಿ ಮಾರ್ಗರೆಟ್ ಕಾದು ನಿಂತಿದ್ದಳು. ಈಟಿ ಹಿಡಿದ ಕಾವಲುಗಾರರ ನಡುವೆ ನುಗ್ಗಿ, ಎಲ್ಲರೂ ನೋಡುತ್ತಿರುವಂತೆಯೇ ಅಪ್ಪನ ಕುತ್ತಿಗೆಗೆ ಜೋತುಬಿದ್ದು ಮುತ್ತಿಟ್ಟಳು. ಅವರು ಆಶೀರ್ವದಿಸಿ ಸಮಾಧಾನ ಹೇಳಿದರು. ಬಿಟ್ಟು ನಾಲ್ಕು ಹೆಜ್ಜೆ ಹೋದವಳು ತಡೆಯಲಾರದೆ ತಿರುಗಿ ಓಡಿಬಂದು ಮತ್ತೆ ತಬ್ಬಿಕೊಂಡಳು. ನೋಡುತ್ತಿದ್ದವರು ಅತ್ತರು. ಜುಲೈ 5ರಂದು ಇದ್ದಿಲಿನಲ್ಲಿ ಬರೆದ ಕೊನೆಯ ಪತ್ರದಲ್ಲಿ ಅಪ್ಪ ಆ ಮುತ್ತನ್ನೇ ನೆನೆದರು. ಲೋಕದ ಮರ್ಯಾದೆಗೆ ಕಾಯದೆ ಓಡಿಬಂದ ಆ ಗಳಿಗೆಯಲ್ಲಿ ಮೆಚ್ಚಿದಷ್ಟು ನಿನ್ನನ್ನು ಇನ್ನೆಂದೂ ಮೆಚ್ಚಿಲ್ಲವೆಂದು ಬರೆದು, ಒರಟು ರೋಮದ ಅಂಗಿಯನ್ನೂ ಅವಳಿಗೆ ಕಳಿಸಿದರು. ಮರುದಿನ, 1535ರ ಜುಲೈ 6ರಂದು, ಅಲುಗಾಡುವ ವಧಾವೇದಿಕೆಯ ಏಣಿ ಹತ್ತಲು ಕೈಹಿಡಿಯುವಂತೆ ಅಧಿಕಾರಿಯನ್ನು ಕೇಳಿ, ಇಳಿಯುವಾಗ ನನ್ನ ಪಾಡು ನಾನು ನೋಡಿಕೊಳ್ಳುತ್ತೇನೆಂದು ನಗುತ್ತಲೇ ಹತ್ತಿದರು.

ಆ ಮನೆಯಲ್ಲಿ ಬೆಳೆದ ಧೈರ್ಯ ಅಲ್ಲಿಗೆ ಮುಗಿಯಲಿಲ್ಲ. ಸರಪಳಿ ಬಿಗಿದು ಉಪವಾಸ ಕೆಡವಿದ್ದ ಉಳಿದ ಕಾರ್ತೂಸಿಯನ್ ಸನ್ಯಾಸಿಗಳಿಗೆ 1537ರಲ್ಲಿ ಹಾಲು ಮಾರುವವಳ ವೇಷದಲ್ಲಿ ಸೆರೆಮನೆಗೆ ನುಸುಳಿ ತುತ್ತಿಟ್ಟವಳು ಸಾಕುಮಗಳು ಮಾರ್ಗರೆಟ್ ಗಿಗ್ಸ್. ಅಳಿಯ ರೋಪರ್ ಮಾವನ ಜೀವನವನ್ನು ಬರೆದಿಟ್ಟ. ನಾವು ಇಂದು ತಿಳಿದಿರುವುದರಲ್ಲಿ ಬಹುಭಾಗ ಅವನಿಂದಲೇ. ಧರ್ಮಸಭೆ 1935ರ ಮೇ 19ರಂದು ಸಂತಪದವಿ ನೀಡಿತು.

ಮೋರರ ತಲೆಯನ್ನು ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಸಿಕ್ಕಿಸಿದ್ದರು. ಸುಮಾರು ಒಂದು ತಿಂಗಳ ಮೇಲೆ, ಅದನ್ನು ನದಿಗೆ ಎಸೆಯುವ ಮೊದಲು, ಮಾರ್ಗರೆಟ್ ಹಣ ಕೊಟ್ಟು ಬಿಡಿಸಿಕೊಂಡಳು. ರಾಜಸಭೆ ಅವಳನ್ನು ಕರೆಸಿ ಪ್ರಶ್ನಿಸಿತು. ಅವಳು ಕೊಡಲಿಲ್ಲ. 1544ರಲ್ಲಿ ತಾನು ಸಾಯುವವರೆಗೂ ಜೋಪಾನವಾಗಿ ಇಟ್ಟುಕೊಂಡಳು. ಈಗ ಅದು ಕ್ಯಾಂಟರ್ಬರಿಯ ಸಂತ ಡನ್‌ಸ್ಟನ್ನರ ದೇವಾಲಯದಲ್ಲಿ, ರೋಪರ್ ಕುಟುಂಬದ ಸಮಾಧಿಯಲ್ಲಿದೆ. ಆ ದೇವಾಲಯ ಇಂದು ಆಂಗ್ಲಿಕನ್ ಸಭೆಯದು. ಕಥೋಲಿಕರು ಹೋದರೂ ಸ್ವಾಗತಿಸಿ ಬಾಗಿಲು ತೆರೆಯುತ್ತಾರೆ.